ಗಿಡ್ಡ ಕೈ ಎಡಕ್ಕೆ

ಮಳೆ ಹಿಂದೆ ಸರಿದಿತ್ತು. ತೆನೆ ಬಾಗಿ, ಗಾಳಿ ಬೀಸಿದಾಗಲೆಲ್ಲ ಒಣಗಿದ ದಂಟಿನ ಸರಸರ ಸದ್ದು ಹೊಲದಿಂದ ಮನೆಯಂಗಳದವರೆಗೂ ಕೇಳುತ್ತಿತ್ತು. ಕೊಯ್ಲಿಗೆ ಕೈ ಹಚ್ಚುವುದೊಂದೇ ಬಾಕಿ. ಮನೆಯ ಮಗಳು ಅಂಗಳದಲ್ಲಿ ಕಾಲು ಚಾಚಿ ಕೂತು ಹಳೆಯ ಗೋಣಿಚೀಲಗಳನ್ನು ದಬ್ಬಣದಿಂದ ಹೊಲಿಯುತ್ತಿದ್ದಳು. ಇಲಿ ಕಡಿದ ತೂತು ಸಿಕ್ಕಾಗಲೆಲ್ಲ ಇಲಿಗೊಂದು ಬೈಗುಳ, ಉಗ್ರಾಣದ ಕಡೆ ತಿರುಗಿ ಗಂಡನಿಗೊಂದು ಬೈಗುಳ. ಇಲಿಯ ಪಾಲಿಗೆ ಬರುತ್ತಿದ್ದದ್ದು ಚಿಕ್ಕದು.

"ರೀ, ಕೇಳಿಸ್ತಾ ಇದೆಯಾ? ರಾಶಿ ಮನೆಗೆ ಬರೋ ದಿನ ಉಗ್ರಾಣ ಖಾಲಿ ಇರ್ಬೇಕು. ಆ ಕಾರು ತಾನಾಗೇ ಹೊರಗೆ ಬಂದ್ರೆ ಸರಿ. ಇಲ್ಲಾಂದ್ರೆ ತಕ್ಕಡಿಗೆ ಹೇಳಿಬಿಟ್ಟಿದೀನಿ, ಲಾರಿ ತಂದು ಎತ್ಕೊಂಡು ಹೋಗ್ತಾನೆ."

ಉಗ್ರಾಣದೊಳಗಿನ ಸುತ್ತಿಗೆಯ ಸದ್ದು ಒಂದು ಕ್ಷಣ ನಿಂತಿತು. "ಹೂಂ" ಎಂಬ ಉತ್ತರ ಬಂತು. ಸುತ್ತಿಗೆ ಮತ್ತೆ ಶುರುವಾಯಿತು.

ತಕ್ಕಡಿ ಎಂದರೆ ಗುಜರಿ ಅಂಗಡಿಯವನು. ಲೋಕದಲ್ಲಿ ಏನನ್ನು ಕಂಡರೂ ಅವನಿಗೆ ಮೊದಲು ಕಾಣುವುದು ತೂಕ. ಈ ಮನೆಯ ಮದುವೆಗೆ ಬಂದವನು ಮದುಮಗನನ್ನು ಮೇಲಿಂದ ಕೆಳಗೆ ನೋಡಿ, "ಐವತ್ತೈದು ಕೆಜಿ ದಾಟಲ್ಲ" ಎಂದಿದ್ದನಂತೆ.

ಆ ಐವತ್ತೈದು ಕೆಜಿಯ ಮದುಮಗನೇ ಈಗ ಉಗ್ರಾಣದೊಳಗೆ ಕಾರಿನ ಕೆಳಗೆ ಮಲಗಿದ್ದ ಅಳಿಯ. ಪಂಪ್‌ಸೆಟ್ ರಿಪೇರಿಯವನು. ಒಬ್ಬಳೇ ಮಗಳು, ಹೊಲ ಬಿಟ್ಟು ಹೋಗಲಾರಳು ಎಂದು ಮನೆಅಳಿಯನಾಗಿ ಬಂದವನು. ಬರುವಾಗ ತಂದದ್ದು ಒಂದು ಸ್ಪ್ಯಾನರ್ ಪೆಟ್ಟಿಗೆ, ಬಾವಿಯಿಂದ ಪಂಪು ಮೇಲೆತ್ತುವ ಕಬ್ಬಿಣದ ಮುಕ್ಕಾಲಿ, ಅದಕ್ಕೆ ನೇತುಹಾಕುವ ಚೈನ್ ಪುಲ್ಲಿ. ಉಳಿದದ್ದೆಲ್ಲ ಮಾವನದು. ಮಲಗುವ ಮಂಚ ಮಾವನದು, ಮಂಚದ ಕೆಳಗೆ ಕೂಡಿಟ್ಟ ಕುಂಬಳಕಾಯಿ ಮಾವನದು. ಊಟಕ್ಕೆ ಕೂತರೆ ತಟ್ಟೆಯ ತಳದಲ್ಲಿ ಕೊರೆಸಿದ್ದ ಹೆಸರಿನ ಅಕ್ಷರವೂ ಮಾವನದೇ. ತುತ್ತು ಮುಗಿದು ಆ ಅಕ್ಷರ ಕಾಣಿಸುವಷ್ಟು ಹೊತ್ತಿಗೆ ಅಳಿಯ ಕೈ ತೊಳೆಯಲು ಏಳುತ್ತಿದ್ದ.

ಕಾರೂ ಮಾವನದೇ. ದುಂಡು ಬೆನ್ನಿನ, ಬಟ್ಟಲುಗಣ್ಣಿನ ದೀಪಗಳ ಹಳೆಯ ಕಾರು. ಮಾವ ಅದನ್ನು ಕಾರು ಎನ್ನುತ್ತಿರಲಿಲ್ಲ, ಗಾಡಿ ಎನ್ನುತ್ತಿದ್ದರು. ಅತ್ತೆ ಸವತಿ ಎನ್ನುತ್ತಿದ್ದರು. ತಾವು ಮದುವೆಯಾಗಿ ಬರುವ ಮೊದಲೇ ಅದು ಮನೆಯಲ್ಲಿತ್ತು, ಭಾನುವಾರ ಬೆಳಿಗ್ಗೆ ತಮಗಿಂತ ಮೊದಲು ಅದಕ್ಕೇ ಸ್ನಾನವಾಗುತ್ತಿತ್ತು ಎಂಬುದು ಅವರ ದೂರು. ಒಂದು ದಿನ ಎಂಜಿನ್ ಜಾಮ್ ಆಗಿ ಉಗ್ರಾಣ ಸೇರಿದ ಮೇಲೆ ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆಯಿಡಲು ಕಲಿತವು. "ಸವತಿ ಇವತ್ತು ಎರಡು ಕೊಟ್ಟಿದಾಳೆ" ಎಂದು ಅತ್ತೆ ಸೆರಗಿನಲ್ಲಿ ಮೊಟ್ಟೆ ತರುತ್ತಿದ್ದರು. "ಅಂತೂ ಈ ಮನೆಗೆ ಅವಳಿಂದ ಏನೋ ಒಂದು ಬಂತಪ್ಪ."

ಮದುವೆಯ ದಿನ ಊಟವಾಗಿ, ನೆಂಟರೆಲ್ಲ ಸುತ್ತ ನಿಂತಿರುವಾಗ, ಮಾವ ಅಳಿಯನ ಹೆಗಲ ಮೇಲೆ ಕೈಯಿಟ್ಟು, "ಅಳಿಯಂದ್ರೆ, ನಮ್ಮ ಗಾಡಿ ಓಡಿದ ದಿನ ಅದು ನಿಮ್ಮದು" ಎಂದುಬಿಟ್ಟಿದ್ದರು. ನೆಂಟರು ನಕ್ಕರು. ಮಾವನೂ ನಕ್ಕರು. ಅಳಿಯ ಮಾತ್ರ ನಗಲಿಲ್ಲ. ನಿಂತ ಯಂತ್ರದ ಸುದ್ದಿಯನ್ನು ತಮಾಷೆಯೆಂದು ತೆಗೆದುಕೊಳ್ಳುವ ಕಸುಬು ಅವನದಲ್ಲ. ಆ ಮಾತನ್ನು ಅವನು ಹಾಗೇ ಕಟ್ಟಿಟ್ಟುಕೊಂಡ. ಈ ಮನೆಯಲ್ಲಿ ತನ್ನದು ಎಂದು ಬೆರಳು ಮಾಡಿ ತೋರಿಸಲು ಒಂದೇ ಒಂದು ವಸ್ತು ಬೇಕಿತ್ತು ಅವನಿಗೆ, ಅದು ಇದೇ.

ಹಳೆಯ ಎಂಜಿನ್ನನ್ನು ಬಿಚ್ಚಿ ನೋಡಿದರೆ ಒಳಗೆ ತುಕ್ಕು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅಷ್ಟರಲ್ಲಿ ತಕ್ಕಡಿಯ ಅಂಗಡಿಗೆ ಒಂದು ಹೊಸ ಕಾರು ಬಂದು ಬಿತ್ತು. ಹಿಂದಿನಿಂದ ಲಾರಿ ಗುದ್ದಿ ಅರ್ಧ ಕಾರು ಹಪ್ಪಳವಾಗಿದ್ದರೂ ಮುಂದಿನ ಎಂಜಿನ್ ಮುಕ್ಕಾಗಿರಲಿಲ್ಲ. ತಕ್ಕಡಿಯ ಕೆಟ್ಟುಹೋದ ಬೋರ್ ಪಂಪನ್ನು ಅಳಿಯ ಎತ್ತಿ, ಮೋಟಾರಿನ ತಂತಿ ಹೊಸದಾಗಿ ಸುತ್ತಿಸಿ, ಇಳಿಸಿ ಕೊಟ್ಟ. ಬದಲಿಗೆ ತಕ್ಕಡಿ ಎಂಜಿನ್ನನ್ನೂ ಅದರ ಗೇರ್‌ಬಾಕ್ಸನ್ನೂ ಕೊಟ್ಟ. ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಗೋಣಿಚೀಲ ಹೊದ್ದು ಅದು ಮನೆಗೆ ಬಂದಾಗ ಎಲ್ಲರೂ ಸುತ್ತ ನಿಂತರು.

"ಇದೇನು ತಲೆ ಮೇಲೆ ಇನ್ನೊಂದು ಗಂಟು ಹೊತ್ಕೊಂಡಿದೆ?" ಎಂದರು ಅತ್ತೆ.

"ಅದು ಸೂಪರ್‌ಚಾರ್ಜರ್ ಅತ್ತೆ."

"ಚಾರ್ಜರ್ರೇ? ಪಿನ್ನು ಎಲ್ಲಿ ಚುಚ್ಚೋದು?"

"ಆ ಚಾರ್ಜರ್ ಅಲ್ಲ. ಇದು ಎಂಜಿನ್ ಒಳಗೆ ಗಾಳಿ ತುರುಕುತ್ತೆ. ಒಲೆಗೆ ಊದುಕೊಳವೆ ಊದಿದ ಹಾಗೆ. ಗಾಳಿ ಜಾಸ್ತಿ ಆದಷ್ಟೂ ಉರಿ ಜಾಸ್ತಿ, ಉರಿ ಜಾಸ್ತಿ ಆದಷ್ಟೂ ಓಟ ಜಾಸ್ತಿ."

ಮಾವ ಅದರ ಸುತ್ತ ಒಂದು ಸುತ್ತು ಬಂದರು. "ಹೊಸ ಗಂಡು. ಹಳೇ ಮನೆಗೆ ಬಂದು ಸೇರ್ಕೊಳ್ತಾ ಇದೆ. ಊದ್ಕೊಂಡಿದೆ ಬೇರೆ" ಎಂದರು. ಮಾತು ಎಂಜಿನ್ನಿಗೋ ತನಗೋ ಎಂದು ಅಳಿಯನಿಗೆ ತಿಳಿಯಲಿಲ್ಲ. ಚೀಲ ಮಡಿಚತೊಡಗಿದ.

ಕೆಲಸ ಶುರುವಾದ ದಿನದಿಂದ ಮಾವ ಉಗ್ರಾಣದ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಗಾಡಿಯ ಮೂತಿಗೆ ಮುಖಾಮುಖಿಯಾಗಿ ಕೂತರು. ಗಾಡಿಯ ಕೀ ಅವರ ಅಂಗಿಯ ಜೇಬಿನಲ್ಲಿ ಮೊದಲಿನಿಂದಲೂ ಇತ್ತು. ಆಗಾಗ ಅದನ್ನು ಮುಟ್ಟಿ ನೋಡಿಕೊಳ್ಳುವರು. "ಸುಮ್ನೆ ನೋಡ್ತಾ ಕೂತಿರ್ತೀನಿ. ಬಾಯಿ ಹಾಕಲ್ಲ" ಎಂದಿದ್ದರು. ಹಾಕಿದ ಬಾಯಿಯನ್ನು ಮತ್ತೆ ತೆಗೆಯಲೇ ಇಲ್ಲ.

"ಆ ಪೆಟ್ಟಿಗೆ ಯಾತಕ್ಕೆ?"

"ಅದು ಎಂಜಿನ್ ಬುದ್ಧಿ ಮಾವ. ಎಷ್ಟು ಪೆಟ್ರೋಲು, ಯಾವಾಗ ಕಿಡಿ, ಎಲ್ಲಾ ಅದೇ ಹೇಳುತ್ತೆ."

"ನಮ್ಮ ಕಾಲದಲ್ಲಿ ಬುದ್ಧಿ ಡ್ರೈವರ್‌ಗೆ ಇರ್ತಿತ್ತು."

ಹಳೆಯ ಕೀ ಹಾಕುವ ಜಾಗದ ತಂತಿಗಳು ಹೊಸ ಎಂಜಿನ್ನಿನ ಬುದ್ಧಿಗೆ ಹೊಂದಿಕೊಳ್ಳಲಿಲ್ಲ. ಅಳಿಯ ತನ್ನ ಕಸುಬಿಗೆ ತಕ್ಕ ದಾರಿ ಹುಡುಕಿ, ಪಂಪ್‌ಸೆಟ್ಟಿನ ಸ್ಟಾರ್ಟರಿನ ಎರಡು ಗುಂಡಿಗಳನ್ನು ತಂದು ಸ್ಟೀರಿಂಗ್ ಪಕ್ಕ ಕೂರಿಸಿದ. ಹಸಿರು ಒತ್ತಿದರೆ ಶುರು, ಕೆಂಪು ಒತ್ತಿದರೆ ಬಂದ್. ಕೀಗೆ ಕೆಲಸವಿಲ್ಲದಂತಾಯಿತು. ಅದನ್ನು ಮಾವನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಮುಕ್ಕಾಲಿ ನಿಲ್ಲಿಸಿ, ಚೈನ್ ಎಳೆದು, ಎಂಜಿನ್ನನ್ನು ಮೇಲೆತ್ತಿ ಮೆಲ್ಲಗೆ ಕಾರಿನ ಹೊಟ್ಟೆಗೆ ಇಳಿಸಿದರು. ಕೂತಿತು. ಆದರೆ ಚಾರ್ಜರಿನ ಗಂಟು ಬಾನೆಟ್ಟಿಗಿಂತ ಒಂದು ಗೇಣು ಮೇಲೆ ಉಳಿಯಿತು. ಅಳಿಯ ಸೀಮೆಸುಣ್ಣದಿಂದ ಬಾನೆಟ್ಟಿನ ಮೇಲೆ ಒಂದು ಚೌಕ ಬರೆದ.

"ಅದೇನು ಬರೀತಾ ಇದೀರಿ?" ಎಂದರು ಮಾವ.

"ಇಷ್ಟು ಕತ್ತರಿಸಿದ್ರೆ ಮುಚ್ಚುತ್ತೆ ಮಾವ."

ಮಾವ ಕುರ್ಚಿಯಿಂದ ಎದ್ದು ಬಂದು, ಒದ್ದೆ ಬಟ್ಟೆಯಿಂದ ಆ ಚೌಕವನ್ನು ನಿಧಾನವಾಗಿ ಒರೆಸಿ, ಮತ್ತೆ ಹೋಗಿ ಕೂತರು. ಎರಡು ದಿನ ಕೆಲಸ ನಿಂತಿತು. ಮೂರನೆಯ ದಿನ ಅತ್ತೆ ಮೊಟ್ಟೆಗೆಂದು ಬಂದವರು, "ಹಾಲು ಉಕ್ಕೋ ಪಾತ್ರೆಗೆ ಮುಚ್ಚಳದ ಕೆಳಗೆ ಸೌಟು ಅಡ್ಡ ಇಡಲ್ವಾ? ಅಷ್ಟೂ ಗೊತ್ತಾಗಲ್ವಾ ಗಂಡಸರಿಗೆ?" ಎಂದರು. ಅಳಿಯ ನಾಲ್ಕು ಮರದ ತುಂಡು ಕೊಯ್ದು ಬಾನೆಟ್ಟಿನ ಕೆಳಗೆ ಇಟ್ಟ. ಬಾನೆಟ್ಟು ಅರೆಬಾಯಿ ತೆರೆದುಕೊಂಡು ನಿಂತಿತು. ಏನೋ ಹೇಳಹೊರಟು ಮರೆತವರ ಹಾಗೆ ಕಾಣುತ್ತಿತ್ತು. ಕತ್ತರಿ ಬೀಳಲಿಲ್ಲವಾದ್ದರಿಂದ ಮಾವ ಸುಮ್ಮನಾದರು.

ಉಳಿದದ್ದು ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಚ್ಚು. ಹೊಸ ಎಂಜಿನ್ನಿನ ರಭಸಕ್ಕೆ ಹಳೆಯ ಅಚ್ಚು ಒಂದೇ ಏಟಿಗೆ ಮುರಿಯುತ್ತದೆಂದು ಅಳಿಯನಿಗೆ ಗೊತ್ತಿತ್ತು. ಹಳೆಯದನ್ನು ಬಿಚ್ಚಿ ತಕ್ಕಡಿಗೆ ಕೊಟ್ಟು, ಸಾಮಾನು ಸಾಗಿಸುವ ವ್ಯಾನಿನ ಗಟ್ಟಿ ಅಚ್ಚನ್ನು ತಂದಿದ್ದ. ಅಚ್ಚಿನ ನಡುವೆ ಚಕ್ರ ತಿರುಗಿಸುವ ಹಲ್ಲುಗಳಿರುವ ದುಂಡು ಹೊಟ್ಟೆ. ಆದರೆ ಹೊಟ್ಟೆ ಸರಿಯಾಗಿ ನಡುವೆ ಇರಲಿಲ್ಲ. ಒಂದು ಕಡೆಯ ಕೈ ಉದ್ದ, ಇನ್ನೊಂದು ಕಡೆಯದು ಗಿಡ್ಡ.

ಅಳಿಯ ಕಾರಿನ ಕೆಳಗೆ ಅಂಗಾತ ಮಲಗಿ ಕೂಗಿದ. "ಮಾವ, ಹಳೇ ಅಚ್ಚಿಗೆ ಗಿಡ್ಡ ಕೈ ಯಾವ ಕಡೆ ಇತ್ತು?"

ಮಾವನಿಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು. ಇಷ್ಟು ದಿನ ಕೇಳದೆ ಹೇಳಿದ್ದರು, ಈಗ ಮೊದಲ ಸಲ ಕೇಳಿದ್ದಕ್ಕೆ ಹೇಳುವ ಅವಕಾಶ. ಕಣ್ಣು ಮುಚ್ಚಿ ನೆನೆಸಿಕೊಂಡರು. ಗಾಡಿ ರಿಪೇರಿಯಾಗುವಾಗಲೆಲ್ಲ ಅವರು ಕೂರುತ್ತಿದ್ದದ್ದು ಹೀಗೇ, ಅದರ ಮೂತಿಯ ಎದುರಿಗೆ.

"ಎಡಕ್ಕೆ. ಗಿಡ್ಡ ಕೈ ಎಡಕ್ಕೆ" ಎಂದರು.

ಅಳಿಯ ಅಚ್ಚನ್ನು ಹೊಂದಿಸಿ ನೋಡಿದ. ಗಿಡ್ಡ ಕೈ ಬಲಕ್ಕೆ ಬರುತ್ತಿತ್ತು. ಎಡಕ್ಕೆ ಬರಬೇಕಾದರೆ ಇಡೀ ಅಚ್ಚನ್ನು ಮಗುಚಬೇಕು. ಮಾವನನ್ನು ಮೊದಲ ಬಾರಿ ತಾನಾಗಿಯೇ ಕೇಳಿದ್ದಾಗಿದೆ, ಎದುರಾಡುವುದು ಬೇಡವೆಂದು ಮಗುಚಿದ. ಬೆಸುಗೆ ಹಾಕಿ ಕೂರಿಸಿದ. ಎಣ್ಣೆ ಹಾಕಲು ಹೋದರೆ ಹಾಕುವ ತೂತು ಕೆಳಗಿತ್ತು, ಇಳಿಸುವ ತೂತು ಮೇಲಿತ್ತು. "ಈ ವ್ಯಾನ್ ಮಾಡಿದವರಿಗೆ ತಲೆ ಇಲ್ಲ" ಎಂದು ಗೊಣಗಿ, ಇಳಿಸುವ ತೂತಿನಿಂದಲೇ ಎಣ್ಣೆ ಹೊಯ್ದ.

ಕೊಯ್ಲು ಮುಗಿದು ರಾಶಿ ಮನೆಗೆ ಬರುವ ದಿನ ಬಂದೇಬಿಟ್ಟಿತು. ಆ ಬೆಳಿಗ್ಗೆಯಷ್ಟೇ ಕಾರಿಗೆ ಚಕ್ರ ಕೂರಿಸಿಯಾಗಿತ್ತು. ಚಕ್ರ ಎತ್ತಿ ತಿರುಗಿಸಿ ನೋಡಲು ಹೊತ್ತಿರಲಿಲ್ಲ. ಅಂಗಳದಲ್ಲಿ ಚೀಲ ತುಂಬಿದ ಟ್ರೈಲರ್ ನಿಂತಿತ್ತು. ಗೇಟಿನ ಹೊರಗೆ ತಕ್ಕಡಿಯ ಲಾರಿ ನಿಂತಿತ್ತು. ತಕ್ಕಡಿ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಕಾರನ್ನು ನೋಡಿ, "ಎಂಜಿನ್ ಸೇರಿ ಒಂದು ಟನ್ ಮೇಲೆ ನಡೀತದೆ" ಎಂದ.

"ನಾಲಿಗೆ ಒಳಗಿಡು" ಎಂದರು ಮಾವ. ಅವರಿಗೆ ಅಂದು ಸಂಕಟ. ಗಾಡಿ ಓಡದಿದ್ದರೆ ಗುಜರಿಯವನದು, ಓಡಿದರೆ ಅಳಿಯನದು. ಹೇಗೂ ತಮ್ಮದಲ್ಲ. ಹಾಗಾಗಿ ಕುರ್ಚಿ ಬಿಟ್ಟು ಏಳಲೇ ಇಲ್ಲ. ಬಾಗಿಲ ನಡುವೆ, ಗಾಡಿಯ ಮೂತಿಗೆ ಎದುರಾಗಿ ಕೂತೇ ಇದ್ದರು.

"ಅಪ್ಪಾ, ಏಳಿ! ಕಾರು ಹೊರಗೆ ಬರುತ್ತೆ, ಮೈಮೇಲೆ ಹತ್ತುತ್ತೆ!" ಎಂದಳು ಮಗಳು.

"ಬರಲಿ. ನನ್ನ ಗಾಡಿ ನನ್ನ ಮೇಲೆ ಹತ್ತಲ್ಲ."

"ರೀ, ನೀವಾದ್ರೂ ಹೇಳಿ."

ಅಳಿಯ ಸ್ಟೀರಿಂಗ್ ಹಿಂದೆ ಕೂತಿದ್ದ. "ಮಾವ, ಸ್ವಲ್ಪ ಪಕ್ಕಕ್ಕೆ..."

"ನೀವು ಮೊದಲು ಶುರು ಮಾಡಿ ತೋರ್ಸಿ, ಅಳಿಯಂದ್ರೆ."

ಅಳಿಯ ಹಸಿರು ಗುಂಡಿ ಒತ್ತಿದ. ಕಾರು ಒಮ್ಮೆ ಕೆಮ್ಮಿ, ಗುಡುಗಿ, ಆಮೇಲೆ ತೆರೆದ ಬಾನೆಟ್ಟಿನ ಸಂದಿಯಿಂದ ಕಿಂಯ್ಯೆಂದು ಸಿಳ್ಳೆ ಹಾಕಿತು. ಮಾಡಿನ ಧೂಳೆಲ್ಲ ಉದುರಿತು. ಮಾವನ ಕಣ್ಣುಗಳು ತಂತಾನೇ ಅರಳಿದವು. ಅಳಿಯ ಒಂದನೇ ಗೇರು ಹಾಕಿ, ಮಾವನ ಮೊಣಕಾಲಿನ ಮೇಲೇ ಕಣ್ಣಿಟ್ಟು, ಕೂದಲೆಳೆಯಷ್ಟು ಕ್ಲಚ್ ಬಿಟ್ಟ. ಕಾರು ಹಿಂದಕ್ಕೆ ಸರಿಯಿತು.

ನೆಲ ಇಳಿಜಾರು, ಉರುಳುತ್ತಿದೆ ಎಂದುಕೊಂಡ ಅಳಿಯ. ಉರುಳುವ ಗಾಡಿಯನ್ನು ಮುಂದಕ್ಕೆ ತರಲು ಇನ್ನೊಂದಿಷ್ಟು ಆಕ್ಸಿಲರೇಟರ್ ಒತ್ತಿದ. ಅದು ಇನ್ನೊಂದಿಷ್ಟು ಹಿಂದಕ್ಕೆ ಹೋಯಿತು. ಇವನು ಮತ್ತೂ ಒತ್ತಿದ.

ಚಾರ್ಜರು ಅಂದು ತನ್ನ ಕೆಲಸ ಮಾಡಿತು. ಉಗ್ರಾಣದ ಹಿಂಭಾಗದ ಹಲಗೆ ಗೋಡೆ ದಢಾರನೆ ಬಾಗಿಲಾಯಿತು. ಕಾರು ಅತ್ತೆಯ ಕುಂಬಳದ ಬಳ್ಳಿಯನ್ನು ಕೊರಳಿಗೆ ಸುತ್ತಿಕೊಂಡು, ಹಿತ್ತಲು ದಾಟಿ, ಗೊಬ್ಬರದ ಗುಡ್ಡೆಗೆ ಬೆನ್ನು ತಾಗಿಸಿ, ಅಲ್ಲಿಯೂ ಚಕ್ರ ತಿರುಗಿಸುತ್ತ ಗೊಬ್ಬರವನ್ನು ಹೊಲದ ಕಡೆ ಎರಚುತ್ತಿತ್ತು. ಅಳಿಯ ಕೆಂಪು ಗುಂಡಿಗೆ ಅಂಗೈಯಿಂದ ಹೊಡೆದ. ಸದ್ದು ನಿಂತಿತು. ಹಿಂದಿನ ಸೀಟಿನಿಂದ ಒಂದು ಕೋಳಿ ಕಿಟಕಿಯ ಮೂಲಕ ಇಳಿದು, ಮೈ ಕೊಡವಿ, ಯಾರಿಗೂ ಏನೂ ಹೇಳದೆ ನಡೆದುಹೋಯಿತು.

ಬಾಗಿಲಲ್ಲಿ ಮಾವ ಕುರ್ಚಿಯಲ್ಲಿ ಹಾಗೇ ಕೂತಿದ್ದರು. ಎದುರಿಗೆ ಖಾಲಿ ಉಗ್ರಾಣ. ಅದರಾಚೆ ಗೋಡೆಯಿದ್ದ ಕಡೆ ಹಸಿರು ಹಿತ್ತಲು.

"ಹೇಳಿದ್ನಲ್ಲ, ನನ್ನ ಮೇಲೆ ಹತ್ತಲ್ಲ ಅಂತ" ಎಂದರು.

ತಕ್ಕಡಿ ಹಗ್ಗ ಬಿಚ್ಚುತ್ತ ಮುಂದೆ ಬಂದ. "ಅಲ್ಲಿಂದ ಎತ್ತೋದು ಇನ್ನೂ ಸುಲಭ. ಲಾರಿ ಹಿಂದಕ್ಕೆ ತರ್ಲಾ?"

"ನಿನ್ನ ಕೆಲಸ ಇಲ್ಲ, ಹೋಗು. ತಾನಾಗೇ ಹೊರಗೆ ಬಂದ್ರೆ ಸರಿ ಅಂದಿದ್ದೆ. ಬಂತಲ್ಲ? ಯಾವ ಕಡೆಯಿಂದ ಬರ್ಬೇಕು ಅಂತ ನಾನು ಹೇಳಿರ್ಲಿಲ್ಲ" ಎಂದಳು ಮಗಳು. ಆಮೇಲೆ ಗಂಡನ ಕಡೆ ಓಡಿ, ಅವನ ಕೈಕಾಲು ಮುಟ್ಟಿ ನೋಡಿ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಬೈಯಲು ಶುರುಮಾಡಿದಳು.

ಮಾವ ಗೋಡೆಯ ತೂತಿನಿಂದ ಹಿತ್ತಲಿಗೆ ಇಳಿದು ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ಟಿನ ಮೇಲಿನ ಕುಂಬಳದ ಎಲೆ ತೆಗೆದರು.

ಅಳಿಯ ಕಾರಿನಿಂದ ಇಳಿದು ನಿಂತ. "ಓಡ್ತಲ್ಲ ಮಾವ."

"ಓಡ್ತಾ? ಓಡೋದು ಅಂದ್ರೆ ಮುಂದಕ್ಕೆ. ಇದು ಹಿಂಜರೀತು. ಹಿಂಜರಿದ ದಿನ ನಿಮ್ಮದು ಅಂತ ನಾನು ಅಂದಿರ್ಲಿಲ್ಲ."

ಅಳಿಯ ಬಗ್ಗಿ ಕಾರಿನ ಕೆಳಗೆ ನೋಡಿದ. ಹಿಂದಿನ ಅಚ್ಚಿನ ಕೆಳಗಿನ ತೂತಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಹಾಕುವ ತೂತು ಕೆಳಗೆ, ಇಳಿಸುವ ತೂತು ಮೇಲೆ. ಹಾಗೇ ಬಹಳ ಹೊತ್ತು ಬಗ್ಗಿಯೇ ಇದ್ದ. ವ್ಯಾನ್ ಮಾಡಿದವರಿಗೆ ತಲೆ ಇತ್ತು. ಅಚ್ಚು ಮಗುಚಿ ಕೂತಿದ್ದರಿಂದ ಚಕ್ರಗಳು ಉಲ್ಟಾ ತಿರುಗುತ್ತಿದ್ದವು.

"ಮಾವ, ಗಿಡ್ಡ ಕೈ ಎಡಕ್ಕೆ ಅಂದ್ರಲ್ಲ. ಯಾರ ಎಡ?"

"ಯಾರ ಎಡ ಅಂದ್ರೆ? ಎಡ ಅಂದ್ರೆ ಎಡ. ಇದು" ಎಂದು ಮಾವ ತಮ್ಮ ಎಡಗೈ ಎತ್ತಿದರು.

ಅಳಿಯನೂ ತನ್ನ ಎಡಗೈ ಎತ್ತಿದ. ಇಬ್ಬರೂ ಎದುರುಬದುರು ನಿಂತಿದ್ದರು. ಒಂದು ಕೈ ಬಾವಿಯ ಕಡೆ ಇತ್ತು, ಇನ್ನೊಂದು ಹೊಲದ ಕಡೆ. ಇಬ್ಬರೂ ತಮ್ಮ ಕೈ ನೋಡಿಕೊಂಡರು, ಆಮೇಲೆ ಎದುರಿನವನ ಕೈ ನೋಡಿದರು. ಯಾರೂ ಕೈ ಇಳಿಸಲಿಲ್ಲ.

ಅತ್ತೆ ಮುರಿದ ಬಳ್ಳಿ ಹಿಡಿದುಕೊಂಡು ಬಂದರು. "ಅಯ್ಯೋ ನಿಮ್ಮ! ಮದುವೆಯಾದಾಗಿಂದ ಇವರ ಎದುರಿಗೆ ಕೂತು ಊಟ ಬಡಿಸಿದೀನಿ. ಉಪ್ಪು ಎಡಕ್ಕಿದೆ ಅಂದ್ರೆ ನಾನು ಬಲಕ್ಕೆ ಕೈ ಹಾಕ್ತೀನಿ. ಸವತಿ ಹತ್ರ ಹೋಗಿ ಅಚ್ಚು ಜೋಡ್ಸೋ ಮೊದ್ಲು ನನ್ನ ಒಂದು ಮಾತು ಕೇಳಿದ್ರೆ ಏನಾಗ್ತಿತ್ತು?"

ಮಾವ ಕೈ ಇಳಿಸಿದರು. ಅಳಿಯನ ಕೆಲಸದಲ್ಲಿ ತಪ್ಪು ಹುಡುಕುತ್ತಲೇ ಇಷ್ಟು ದಿನ ಕೂತಿದ್ದವರಿಗೆ ಕೊನೆಗೆ ಸಿಕ್ಕ ತಪ್ಪು ತಮ್ಮದೇ ಬಾಯಿಂದ ಬಂದದ್ದಾಗಿತ್ತು.

"ಹಾಗಾದ್ರೆ ರಿವರ್ಸ್ ಗೇರು ಹಾಕಿದ್ರೆ?" ಎಂದರು.

"ಮುಂದಕ್ಕೆ ಹೋಗ್ಬೇಕು."

"ಹಾಕಿ ನೋಡಣ."

ಅಳಿಯ ಹತ್ತಿ, ಹಸಿರು ಗುಂಡಿ ಒತ್ತಿ, ರಿವರ್ಸ್ ಗೇರು ಹಾಕಿದ. ಕಾರು ಗೊಬ್ಬರದಿಂದ ಬೆನ್ನು ಬಿಡಿಸಿಕೊಂಡು, ಬಳ್ಳಿ ಎಳೆದುಕೊಂಡು, ಮೆಲ್ಲಗೆ ಮುಂದಕ್ಕೆ ಹೊರಟಿತು. ಸಿಳ್ಳೆ ಮಾತ್ರ ಅಷ್ಟೇ ಜೋರು. ಒಳಗೆ ಇಷ್ಟೊಂದು ಉರಿ ಇಟ್ಟುಕೊಂಡು ಅದು ನಡೆಯುವವರ ಹೆಜ್ಜೆಗಿಂತ ಬೇಗ ಹೋಗಲಿಲ್ಲ. ಮಾವ ಅದರ ಪಕ್ಕದಲ್ಲಿ ಒಂದು ಕೈ ಮಡ್‌ಗಾರ್ಡಿನ ಮೇಲಿಟ್ಟು ನಡೆದರು. ಮನೆಯನ್ನು ಒಂದು ಸುತ್ತು ಹಾಕಿ ಅಂಗಳಕ್ಕೆ ಬಂದರು. ಟ್ರೈಲರಿನ ಪಕ್ಕ ಕಾರು ನಿಂತಿತು.

"ಮುಂದಕ್ಕೆ ಒಂದೇ ಗೇರು ಮಾವ. ಹಿಂದಕ್ಕೆ ಐದಿವೆ. ಅಚ್ಚು ಬಿಚ್ಚಿ ತಿರುಗಿಸಿದ್ರೆ ಸರಿ ಹೋಗುತ್ತೆ."

"ಅವಸರ ಏನಿಲ್ಲ. ನನ್ನ ವಯಸ್ಸಿಗೆ ಒಂದು ಸಾಕು."

ಮಾವ ಜೇಬಿಗೆ ಕೈ ಹಾಕಿದರು. ಅಲ್ಲಿಂದ ಕೀ ತೆಗೆದು, ಅಂಗಿಯ ಅಂಚಿಗೆ ಒಮ್ಮೆ ಉಜ್ಜಿ, ಅಳಿಯನ ಅಂಗೈ ಮೇಲಿಟ್ಟರು. "ತಗೊಳ್ಳಿ. ಅಷ್ಟು ಜನರ ಮುಂದೆ ಆಡಿದ ಮಾತು. ಓಡ್ತು. ನಿಮ್ಮದು."

ಅಳಿಯ ಕೀಯನ್ನು ನೋಡಿದ. ಸವೆದು ನುಣ್ಣಗಾಗಿತ್ತು. ಅದಕ್ಕೆ ಈಗ ಯಾವ ಕೆಲಸವೂ ಉಳಿದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೇಳಬೇಕೆಂದು ಬಾಯಿ ತೆರೆದವನು ಮಾವನ ಮುಖ ನೋಡಿ ಸುಮ್ಮನಾದ. ಕೀಯನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು, ಮೇಲಿಂದ ಒಮ್ಮೆ ಮುಟ್ಟಿ ನೋಡಿಕೊಂಡ.

ಅವನು ಕೀ ಮುಟ್ಟಿ ನೋಡಿಕೊಳ್ಳುವಷ್ಟರಲ್ಲಿ ಮಾವ ಬಾಗಿಲು ತೆಗೆದು ಸ್ಟೀರಿಂಗ್ ಹಿಂದೆ ಕೂತಾಗಿತ್ತು. ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು.

"ಮಾವ, ಗಾಡಿ ನಂದು ಅಂದ್ರಿ?"

"ಗಾಡಿ ನಿಮ್ಮದೇ. ಯಾರು ಇಲ್ಲ ಅಂದ್ರು? ಸೀಟಿನ ಮಾತು ಆವತ್ತು ಬಂದಿತ್ತಾ?"

"ಸೀಟು ಆಮೇಲೆ ಹಂಚ್ಕೊಳ್ಳಿ. ಚೀಲ ಇಳಿಸೋರು ಯಾರು?" ಎಂದು ಮಗಳು ಟ್ರೈಲರಿನ ಮೇಲಿನಿಂದ ಕೂಗಿದಳು.

"ಒಂದೇ ಒಂದು ಸುತ್ತು ಕಣಮ್ಮ" ಎಂದರು ಮಾವ. ಅವರ ಬೆರಳು ಆಗಲೇ ಹಸಿರು ಗುಂಡಿ ಹುಡುಕುತ್ತಿತ್ತು. "ಹತ್ತಿ, ಅಳಿಯಂದ್ರೆ. ಎಡಗಡೆಯಿಂದ ಬನ್ನಿ."

ಅಳಿಯ ಕಾರಿನ ಮೂತಿಯ ಮುಂದೆ ನಿಂತು, ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡ.

"ಯಾರ ಎಡ ಮಾವ?"

"ಹತ್ರೀ ಸುಮ್ನೆ!"